ಮಡಿಲಲ್ಲಿ ಮನೆ ಇಟ್ಟುಕೊಂಡು ಮೆಲ್ಬರ್ನ್‌ಗೆ

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಐದೂವರೆಗೆ ನಾವು ಸಿಡ್ನಿಯ ಬ್ಲ್ಯಾಕ್‌ಟೌನ್ ಬಿಟ್ಟೆವು. ನಾವು ಎಂದರೆ ಮೂವರು: ನಾನು, ಪಕ್ಕದ ಮನೆಯ ಫಿಲೋಮೆನಾ ಆಂಟಿ, ಮತ್ತು ಆಂಟಿಯ ಮನೆ. ಮನೆ ಶೂ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅದನ್ನು ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿ, ಒಗೆದ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು, ಎರಡೂ ಕೈಯಿಂದ ಹಿಡಿದುಕೊಂಡು ಆಂಟಿ ಪ್ಲಾಟ್‌ಫಾರ್ಮಿಗೆ ಇಳಿದರು. ನಾನು ಹಿಡಿದುಕೊಳ್ಳುತ್ತೇನೆಂದರೆ ಕೊಡಲಿಲ್ಲ. ಎಂಬತ್ತೈದು ದಾಟಿದ ಹೆಂಗಸಿನ ಹಟದ ಮುಂದೆ ನನ್ನದು ಏನು ನಡೆದೀತು!

ಆಂಟಿ ಇಟಲಿಯ ದಕ್ಷಿಣದ ಕಾಸ್ತೆಲ್‌ಪ್ರೂನೊ ಎಂಬ ಪುಟ್ಟ ಹಳ್ಳಿಯವರು. ಆ ಹೆಸರು ನನ್ನ ನಾಲಿಗೆಗೆ ಹತ್ತಲು ವಾರ ಹಿಡಿದಿತ್ತು. ನಾನು ಧಾರವಾಡದವಳು, ಹದಿನಾಲ್ಕು ವರ್ಷದಿಂದ ಅವರ ನೆರೆಯವಳು, ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ನನ್ನ ಮಕ್ಕಳನ್ನು ಶಾಲೆಯಿಂದ ಕರೆತಂದು ಬ್ರೆಡ್ಡಿಗೆ ಎಣ್ಣೆ ಸವರಿ ಕೊಟ್ಟು ಬೆಳೆಸಿದವರು ಅವರೇ. ಅವರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು ಎಂಬುದಷ್ಟೇ ನನಗೆ ಗೊತ್ತಿತ್ತು. ಅವರ ಇಂಗ್ಲಿಷು ಅರ್ಧ ಇಟಾಲಿಯನ್ನು. ಅದನ್ನು ಇದ್ದಂತೆ ಬರೆಯಲು ನನ್ನಿಂದಾಗದು. ಕೇಳುವಾಗಲೆಲ್ಲ ನನಗೆ ನಮ್ಮ ದೊಡ್ಡವ್ವ ಮಾತಾಡಿದಂತೆಯೇ ಅನಿಸುತ್ತದೆ, ಆದ್ದರಿಂದ ಇಲ್ಲಿ ಧಾರವಾಡದ ಮಾತಿನಲ್ಲೇ ಬರೆದಿದ್ದೇನೆ.

ಈ ಪ್ರಯಾಣಕ್ಕೆ ಕಾರಣ ಹಳ್ಳಿಯಿಂದ ಬಂದ ಒಂದು ಸುದ್ದಿ. ಆಂಟಿಯ ತವರುಮನೆ ಕುಸಿದುಬಿದ್ದಿತ್ತು. ಕಲ್ಲುಗಳನ್ನು ಸಾಗಿಸಿ ಆ ಜಾಗದಲ್ಲಿ ಕಾರು ನಿಲ್ಲಿಸಲು ಗೆರೆ ಎಳೆದಿದ್ದರಂತೆ. ಅದೇ ವಾರ ನನ್ನ ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದು ಸಂಗತಿ ತೋರಿಸಿದಳು. ಮೆಲ್ಬರ್ನ್‌ನ ಉತ್ತರದ ಒಂದು ಸಬರ್ಬಿನಲ್ಲಿ ಕಾಸ್ತೆಲ್‌ಪ್ರೂನೊದವರ ಕ್ಲಬ್ಬಿದೆ, ಅಲ್ಲಿ ಅವರೆಲ್ಲ ಸೇರಿ ತಮ್ಮ ಇಡೀ ಹಳ್ಳಿಯನ್ನು ಪುಟ್ಟದಾಗಿ ಕಟ್ಟಿಟ್ಟಿದ್ದಾರೆ. ನಿಯಮವೂ ಬರೆದಿತ್ತು: ಒಂದೊಂದು ಮನೆಯ ಮುಂಗೋಡೆ ಒಂದು ಗೇಣು ಅಗಲ. ಅವರವರ ಮನೆಯನ್ನು ಅವರವರ ಕುಟುಂಬದವರೇ ಕಟ್ಟಿ ತರಬೇಕು, ಬೇರೆಯವರು ಕಟ್ಟುವಂತಿಲ್ಲ, ಮುಟ್ಟುವಂತಿಲ್ಲ. ಆಂಟಿ ಭೂತಗನ್ನಡಿ ಹಿಡಿದು ಆ ಫೋಟೋ ನೋಡಿದ್ದೇ ನೋಡಿದ್ದು. ಅದರಲ್ಲಿ ಅವರ ಓಣಿಗೆ ಸರಿಯಾಗಿ ಕೋಣೆಯ ಕಂಬವೊಂದು ಅಡ್ಡ ಬಂದಿತ್ತು. ಒಬ್ಬಳೇ ಮಗಳು, ಅಪ್ಪ ಅವ್ವ ಹೋಗಿ ಎಷ್ಟೋ ವರ್ಷವಾಯಿತು, ಮನೆ ಕಟ್ಟುವವರು ಯಾರಿದ್ದಾರೆ ಎಂದು ತಾವೇ ಕಟ್ಟಲು ಕೂತುಬಿಟ್ಟರು.

ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಗರಗಸದ ಸದ್ದು. ಹಳೆಯ ಬೇಲಿಯ ಹಲಗೆ ಕೊಯ್ದು ಗೋಡೆ, ಒಡೆದ ಹೆಂಚು ಉಜ್ಜಿ ಛಾವಣಿ. ಆಂಟಿಗೆ ಗೋಂದಿನ ಮೇಲೆ ನಂಬಿಕೆಯಿಲ್ಲ, ನಾಲ್ಕು ಗೋಡೆಗಳನ್ನೂ ಸಣ್ಣ ಸ್ಕ್ರೂ ಹಾಕಿಯೇ ಕೂಡಿಸಿದರು. ಮನೆ ಮುಗಿದ ದಿನ ನನ್ನನ್ನು ಕರೆದು, "ಶಾಂತಾ, ನನ್ನ ಜೋಡಿ ಮೆಲ್ಬರ್ನ್‌ಗೆ ಬಾ. ಅವರು ನನ್ನ ಒಳಗ ಬಿಡಲಿಕ್ಕಿಲ್ಲ. ಬಿಡಲಿಲ್ಲಂದ್ರ ನೀ ಒಬ್ಬಾಕಿನ ಹೋಗಿ ಇಟ್ಟು ಬಾ" ಎಂದರು. ಯಾಕೆ ಬಿಡುವುದಿಲ್ಲ ಎಂದು ಕೇಳಿದೆ. ರೈಲಿನಲ್ಲಿ ಹೇಳುತ್ತೇನೆ ಎಂದರು. ಅಷ್ಟು ಸಾಕಿತ್ತು, ನಾನು ಅಂದೇ ಟಿಕೆಟ್ ಬುಕ್ ಮಾಡಿದೆ.

ವಿಮಾನದಲ್ಲಾದರೆ ಒಂದೂವರೆ ತಾಸಿನ ದಾರಿ, ಎಷ್ಟೋ ಸಲ ಟಿಕೆಟ್ಟೂ ಅಗ್ಗ. ರೈಲಿನಲ್ಲಿ ಹನ್ನೊಂದು ತಾಸು. ಆದರೆ ಮನೆಯನ್ನು ವಿಮಾನದ ಹೊಟ್ಟೆಗೆ ಹಾಕಲು ಆಂಟಿ ಸುತರಾಂ ಒಪ್ಪಲಿಲ್ಲ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಏಳೂವರೆ ಸುಮಾರಿಗೆ ರೈಲು ಹತ್ತಿದೆವು. ಆಂಟಿಗೆ ಪಿಂಚಣಿದಾರರ ರಿಯಾಯಿತಿ, ನನಗೆ ಪೂರ್ತಿ ದರ. ಅವರು ಕಿಟಕಿ ಪಕ್ಕ ಕೂತು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡರು. ಟಿಕೆಟ್ ನೋಡಲು ಬಂದವನು ಒಳಗೆ ಬೆಕ್ಕಿದೆಯೇ ಎಂದು ಕೇಳಿದ. ಮನೆ ಇದೆ ಎಂದು ನಾನು ಹೇಳಿದೆ. ಅವನು ನಗಲೂ ಇಲ್ಲ, ಮುಂದೆ ಹೋದ.

ಗೋಲ್ಬರ್ನ್ ಬರುವವರೆಗೆ ಆಂಟಿ ತಮ್ಮ ಹಳ್ಳಿಯ ಕಥೆ ಹೇಳಿದರು. ಬೆಟ್ಟದ ನೆತ್ತಿಯ ಮೇಲೆ ಊರು. ಬೇರೆ ಕೋಟೆ ಇಲ್ಲ, ಹೊರಸಾಲಿನ ಮನೆಗಳ ಬೆನ್ನುಗೋಡೆಗಳೇ ಕೋಟೆ. ಒಂದೇ ಹೆಬ್ಬಾಗಿಲು, ಹಿಂದೆ ಡಕಾಯಿತರ ಕಾಟವಿದ್ದುದರಿಂದ ಹೊತ್ತು ಮುಳುಗಿದೊಡನೆ ಅದನ್ನು ಹಾಕಿಬಿಡುತ್ತಿದ್ದರಂತೆ. ಊರಿಗೆಲ್ಲ ಒಂದೇ ದೊಡ್ಡ ಒಲೆ. ವಾರಕ್ಕೊಮ್ಮೆ ಎಲ್ಲರೂ ಹಿಟ್ಟು ನಾದಿ ತರುತ್ತಿದ್ದರು. ಯಾರ ರೊಟ್ಟಿ ಯಾವುದೆಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಮರದ ಅಚ್ಚು, ಹಸಿ ಹಿಟ್ಟಿನ ಮೇಲೆ ಒತ್ತಿ ಒಲೆಗೆ ಬಿಡುವುದು. ಆಂಟಿಯ ಮನೆಯ ಅಚ್ಚು ಹುಂಜ. ಹೊಸ ಸೊಸೆ ಬಂದ ದಿನ ಅವಳ ಕೈಗೆ ಮೊದಲು ಕೊಡುವುದು ಆ ಅಚ್ಚನ್ನೇ.

ಈಗ ಊರಿನಲ್ಲಿ ಇಪ್ಪತ್ತು ಮೂವತ್ತು ಜನ ಉಳಿದಿದ್ದಾರಂತೆ. ಶಾಲೆ ಮುಚ್ಚಿದೆ. ಪಾಳುಬಿದ್ದ ಮನೆಗಳನ್ನು ರಿಪೇರಿ ಮಾಡಿಸಿಕೊಂಡು ಇರುವವರಿಗೆ ಒಂದೇ ಯೂರೋಗೆ ಮಾರುತ್ತಿದ್ದಾರೆ ಎಂದರು. ನಾನು ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದೆ. ಒಂದು ಯೂರೋ! ಸಿಡ್ನಿಯಲ್ಲಿ ಎರಡು ತಾಸು ಕಾರು ನಿಲ್ಲಿಸಿದರೆ ಅದರ ಹತ್ತು ಪಟ್ಟು ಕೊಡಬೇಕು. ಮನೆಸಾಲದ ಕಂತು ಕಟ್ಟಿ ಕಟ್ಟಿ ನನ್ನ ಬೆನ್ನು ಬಾಗಿದೆ.

ಕೂಟಮಂಡ್ರಾ ದಾಟಿದ ಮೇಲೆ ಎರಡೂ ಕಡೆ ಕನೋಲಾ ಹೊಲಗಳು. ನಮ್ಮ ಸಾಸಿವೆ ಹೂವಿನದೇ ಹಳದಿ, ಆದರೆ ಕಣ್ಣಿಗೆ ಚುಚ್ಚುವಷ್ಟು, ಮುಗಿಯುವುದೇ ಇಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ, ಹೆಸರುಕಾಳಿನ ಪಲ್ಯ ತೆಗೆದೆ. ಆಂಟಿ ಚೀಸು, ಆಲಿವ್ ತಂದಿದ್ದರು. ರೈಲಿನ ಕ್ಯಾಂಟೀನಿನಿಂದ ಎರಡು ಚಹಾ ತಂದೆ, ಕಾಗದದ ಲೋಟದಲ್ಲಿ ಚೀಲ ಮುಳುಗಿಸಿದ್ದು. ವಾಗಾ ವಾಗಾ ಬಿಟ್ಟಾಗ ಊಟ ಮುಗಿದಿತ್ತು. ಆಂಟಿ ಉಂಡದ್ದು ಕಡಿಮೆ.

ಗಡಿಯ ಊರು ಆಲ್ಬರಿ ಬಂತು. ಪ್ಲಾಟ್‌ಫಾರ್ಮ್ ಮುಗಿಯುವುದೇ ಇಲ್ಲವೆನ್ನುವಷ್ಟು ಉದ್ದ. ಮೊದಲು ಎರಡು ರಾಜ್ಯಗಳ ಹಳಿಯ ಅಗಲ ಬೇರೆ ಬೇರೆ ಇದ್ದು, ಎಲ್ಲರೂ ಇಲ್ಲಿಳಿದು ಎದುರಿನ ರೈಲು ಹತ್ತಬೇಕಿತ್ತಂತೆ. ಆಂಟಿ ಅದನ್ನೇ ದಿಟ್ಟಿಸುತ್ತ, ತಾನು ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಇಲ್ಲಿ ಇಳಿದಿದ್ದೆ, ಆದರೆ ಮೆಲ್ಬರ್ನ್ ಕಡೆಯಿಂದ ಬಂದು ಎಂದರು. ಆಮೇಲೆ ಸಾವಕಾಶವಾಗಿ ಎಲ್ಲವನ್ನೂ ಹೇಳಿದರು.

ಅವರಿಗೆ ಮದುವೆಯಾಗಿತ್ತು. ಇಟಲಿಯಲ್ಲಿ, ಅವರೂರಿನ ಚರ್ಚಿನಲ್ಲಿ, ಗಂಡು ಇಲ್ಲದೆ! ನಾನು ಹೌಹಾರಿದೆ. ಆಗೆಲ್ಲ ಅದು ವಾಡಿಕೆಯಂತೆ. ಗಂಡಸರು ಮೊದಲೇ ಆಸ್ಟ್ರೇಲಿಯಾಕ್ಕೆ ಬಂದಿರುತ್ತಿದ್ದರು, ತಿರುಗಿ ಹೋಗಲು ಹಡಗಿನ ಖರ್ಚಿಗೆ ಇರುತ್ತಿರಲಿಲ್ಲ. ಫೋಟೋ ಕಳಿಸುವುದು, ಹುಡುಗಿ ಒಪ್ಪಿ ತನ್ನ ಫೋಟೋ ಕಳಿಸುವುದು. ಮದುವೆಯ ದಿನ ವರನ ಅಣ್ಣನೋ ತಮ್ಮನೋ ಅವನ ಬದಲು ನಿಂತು ಉಂಗುರ ತೊಡಿಸುವುದು. ಅಷ್ಟಕ್ಕೆ ಮದುವೆ ಕಾಯಂ, ಹುಡುಗಿ ಹಡಗು ಹತ್ತುವುದು. ನಮ್ಮಲ್ಲೂ ಹಿಂದೆ ದಂಡಿಗೆ ಹೋದವನ ಕತ್ತಿಯ ಪಕ್ಕ ಹೆಣ್ಣನ್ನು ನಿಲ್ಲಿಸಿ ಮದುವೆ ಮಾಡುತ್ತಿದ್ದರೆಂದು ಅಜ್ಜಿ ಹೇಳಿದ್ದುಂಟು. ಅದು ಕಥೆಯ ಮಾತು. ಇದು ನನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ಹೆಂಗಸಿನ ಮಾತು.

ವರನ ಹೆಸರು ವಿತೊ, ಪಕ್ಕದ ಹಳ್ಳಿಯವನು. ಫೋಟೋದಲ್ಲಿ ಚೆಲುವ. ಮೆಲ್ಬರ್ನ್ ಬಂದರಿನ ಕಟ್ಟೆಯ ಮೇಲೆ ನಿಂತವನ ಮುಖದ ಎಡಭಾಗವೆಲ್ಲ ಸುಟ್ಟು ಮುದುಡಿತ್ತು. ಫ್ಯಾಕ್ಟರಿಯ ಬಾಯ್ಲರ್ ಸಿಡಿದದ್ದಂತೆ. ಕಳಿಸಿದ್ದು ಅದಕ್ಕೆ ಮೊದಲಿನ ಫೋಟೋ. ಗುರುತು ಸಿಗಲೆಂದು ಅವನು ಆಂಟಿ ಕಳಿಸಿದ್ದ ಫೋಟೋವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ.

"ನಾ ಮುಂದ ಹೋಗಲಿಲ್ಲ. ಹಡಗಿನ್ಯಾಗ ಗೆಳತಿ ಆಗಿದ್ದಾಕಿ ಒಬ್ಬಾಕಿ ಸಿಡ್ನಿಗೆ ಹೊಂಟಿದ್ಲು, ಆಕಿ ಹಿಂದ ಅಡಗಿಕೊಂಡು ದಾಟಿಬಿಟ್ಟೆ. ಟ್ರಾಮ್ ಹತ್ತೋಮುಂದ ತಿರುಗಿ ನೋಡಿದೆ. ಮಂದಿ ಎಲ್ಲಾ ಹೋಗಿತ್ತು. ಅಂವ ಇನ್ನೂ ಫೋಟೋ ಎತ್ತಿ ಹಿಡದಿದ್ದ."

ನಿಜ ಹೇಳುತ್ತೇನೆ, ಸಿಟ್ಟು ಬಂತು. ನನ್ನ ಮಕ್ಕಳ ಗಾಯಕ್ಕೆ ಮುಲಾಮು ಹಚ್ಚಿದ ಕೈಯ ಹೆಂಗಸು ಒಬ್ಬ ಸುಟ್ಟ ಮುಖದವನನ್ನು ಬಂದರಿನಲ್ಲಿ ಬಿಟ್ಟು ಓಡಿದ್ದಳು. ಅವನು ಹಳೆಯ ಫೋಟೋ ಕಳಿಸಿದ್ದೂ ಮೋಸವೇ ಎಂದು ಆಮೇಲೆ ಹೊಳೆಯಿತು. ಹತ್ತೊಂಬತ್ತರ ಹುಡುಗಿ, ಭಾಷೆ ಬಾರದ ಊರು ಎಂಬುದೂ ಹೊಳೆಯಿತು. ಆದರೂ ವಾಂಗರಾಟಾ ಬರುವವರೆಗೆ ನಾನು ಕಿಟಕಿಯಾಚೆಯ ಕುರಿ ಎಣಿಸುತ್ತ ಕೂತಿದ್ದೆ. ಆಮೇಲೆ ಯಾಕೆ ಇನ್ನೊಂದು ಮದುವೆಯಾಗಲಿಲ್ಲ ಎಂದು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿ, "ಮದುವಿ ಆದಾಕಿ ಮತ್ತ ಹೆಂಗ ಮದುವಿ ಆಗ್ಲಿ?" ಎಂದರು. ನಾನು ಮತ್ತೆ ದಂಗಾದೆ.

ಆ ಸುದ್ದಿ ಮೆಲ್ಬರ್ನ್‌ನ ಕಾಸ್ತೆಲ್‌ಪ್ರೂನೊದವರಿಗೆಲ್ಲ ತಿಳಿಯಿತು, ಹಳ್ಳಿಗೂ ಮುಟ್ಟಿತು. ಅಪ್ಪ ಕಾಗದ ಬರೆಯುವುದನ್ನು ನಿಲ್ಲಿಸಿದ. ಅಂದಿನಿಂದ ಇಂದಿನವರೆಗೆ ಆ ಹಳ್ಳಿಯ ಒಂದು ನರಪಿಳ್ಳೆಯೂ ಅವರ ಜೊತೆ ಮಾತಾಡಿರಲಿಲ್ಲ. ಮನೆ ಕುಸಿದ ಸುದ್ದಿ ಬಂದದ್ದೂ ಅಲ್ಲಿಯ ಚರ್ಚಿಗೆ ಹೊರಗಿನಿಂದ ಬಂದ ಪಾದ್ರಿಯಿಂದ.

ಮೆಲ್ಬರ್ನ್‌ನ ಸದರ್ನ್ ಕ್ರಾಸ್ ಸ್ಟೇಷನ್ ಮುಟ್ಟಿದಾಗ ಸಂಜೆ ಆರೂವರೆ ದಾಟಿತ್ತು. ಮೈ ಕೊರೆಯುವ ಗಾಳಿ, ಸಣ್ಣ ತುಂತುರು. ನನ್ನ ತಂಗಿ ಸುಮಾಳ ಗಂಡ ಗಿರೀಶ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಶನಿವಾರವೂ ಡ್ಯೂಟಿ ಮುಗಿಸಿ ನಡೆದೇ ಸ್ಟೇಷನ್ನಿಗೆ ಬಂದಿದ್ದ. ಅಲ್ಲಿಂದ ಅವರ ಮನೆಯಿರುವ ವಿಂಡಮ್ ವೇಲ್‌ಗೆ ರೈಲಿನಲ್ಲಿ ಮುಕ್ಕಾಲು ತಾಸು. ಸುಮಾ ಬಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆಂಟಿ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಅವಳ ಕೈಯನ್ನೇ ನೋಡಿದರು, ರೊಟ್ಟಿಗೆ ಅಚ್ಚು ಒತ್ತುವುದಿಲ್ಲವೇ ಎಂದು ಕೇಳಿದರು. ಸುಮಾಳಿಗೆ ಒಂದು ಯೂರೋ ಮನೆಯ ವಿಷಯ ಹೇಳಿದೆ. ಅವಳ ಕೈ ಅಲ್ಲೇ ನಿಂತಿತು. "ಅಕ್ಕಾ, ನಮ್ಮ ಮನೀ ಗ್ಯಾರೇಜಿನ ಬಾಗಲಾ ರಿಪೇರಿಗೆ ಎಷ್ಟು ಬಿತ್ತು ಗೊತ್ತೇನ" ಎಂದವಳು ಮುಂದೆ ಹೇಳಲಿಲ್ಲ, ರೊಟ್ಟಿ ಸೀದಿತ್ತು.

ಭಾನುವಾರ ಗಿರೀಶ ನಮ್ಮನ್ನು ಕಾರಿನಲ್ಲಿ ಬಿಟ್ಟು ಹೋದ, ರಿಂಗ್ ರೋಡಿನಲ್ಲಿ ಐವತ್ತು ನಿಮಿಷ. ಕ್ಲಬ್ಬು ಎಂದರೆ ಟೈರ್ ಅಂಗಡಿಯ ಪಕ್ಕದ ಒಂದು ಇಟ್ಟಿಗೆಯ ಸಭಾಂಗಣ. ಒಳಗೆ ಟೊಮೇಟೊ ಸಾಸಿನ ವಾಸನೆ, ಉದ್ದನೆಯ ಮೇಜುಗಳು, ಊಟಕ್ಕೆ ಕೂತ ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ನರೆತವರು. ಗೋಡೆಯ ತುಂಬ ರೊಟ್ಟಿಯ ಅಚ್ಚುಗಳನ್ನು ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ್ದರು: ಮೀನು, ಕೀಲಿ, ನಕ್ಷತ್ರ, ಕೊಡಲಿ. ಆಂಟಿ ಬಾಗಿಲಲ್ಲೇ ನಿಂತರು. ನಾನು ಕೈಚಾಚಿದೆ, ಕೊಟ್ಟುಬಿಡಿ, ನಾನೇ ಇಟ್ಟು ಬರುತ್ತೇನೆ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಮುದುಕಿಗೆ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು ಹೇಳಿದರು.

ಮುದುಕಿಯ ಪೆನ್ನು ಅಲ್ಲೇ ನಿಂತಿತು. ಅವಳು ಪಕ್ಕದವನಿಗೆ ಏನೋ ಪಿಸುಗುಟ್ಟಿದಳು. ಮಾತು ಮೇಜಿನಿಂದ ಮೇಜಿಗೆ ಹೋಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆಗ ಏಪ್ರನ್ ಕಟ್ಟಿಕೊಂಡಿದ್ದ ಅರವತ್ತರ ಒಬ್ಬಾತ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಹೆಸರು ನಿಕೋಲಾ, ತಾಯಿಯ ಕಡೆಯಿಂದ ಈ ಹಳ್ಳಿಯವನು, ಹಳ್ಳಿಯ ಮಾದರಿಯ ಉಸ್ತುವಾರಿ ಅವನದಂತೆ. ಆಂಟಿಯನ್ನು ನೋಡಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, ವಿತೊ ನನ್ನ ದೊಡ್ಡಪ್ಪ, ಚರ್ಚಿನಲ್ಲಿ ನಿಮಗೆ ಉಂಗುರ ತೊಡಿಸಿದ್ದು ನನ್ನ ಅಪ್ಪ ಎಂದ. ಇನ್ನು ಹೊರಗೆ ಹಾಕುತ್ತಾನೆ ಎಂದುಕೊಂಡೆ. ಅವನು ಹಾಕಲಿಲ್ಲ, ಬನ್ನಿ ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದ.

ಅಲ್ಲಿತ್ತು ಕಾಸ್ತೆಲ್‌ಪ್ರೂನೊ. ಕೋಣೆಯ ತುಂಬ ಒಂದು ಸಿಮೆಂಟಿನ ಬೆಟ್ಟ, ಅದರ ಮೇಲೆ ಇನ್ನೂರಕ್ಕೂ ಹೆಚ್ಚು ಮನೆ. ಮರದ್ದು, ಕಲ್ಲಿನದು, ತಗಡಿನದು, ಒಂದು ಬರೀ ಆಲಿವ್ ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ್ದು. ಹೆಬ್ಬಾಗಿಲು, ಒಲೆಮನೆ, ಬೆರಳಗಲದ ಮೆಟ್ಟಿಲುಗಳು. ಮೂಲ ಊರು ಬರಿದಾಗುತ್ತ ಹೋದ ಹಾಗೆ ಇಲ್ಲಿಯ ಊರು ತುಂಬುತ್ತ ಬಂದಿದೆ ಎಂದು ನಿಕೋಲಾ ಹೇಳಿದ. ಆಂಟಿ ಕಂಬವನ್ನು ಬಳಸಿ ತಮ್ಮ ಓಣಿಯ ಕಡೆ ಹೋದರು. ಹೋದವರು ನಿಂತರು. ನಾನು ಹಿಂದಿನಿಂದ ಇಣುಕಿದೆ. ಅಲ್ಲಿ ಜಾಗ ಖಾಲಿ ಇರಲಿಲ್ಲ. ಮನೆಯೊಂದಿತ್ತು, ಬಾಗಿಲ ಮೇಲೆ ಹುಂಜ ಕೆತ್ತಿತ್ತು.

ಯಾರು ಕಟ್ಟಿದ್ದೆಂದು ಆಂಟಿ ಕೇಳಲಿಲ್ಲ, ನಾನೇ ಕೇಳಿದೆ. ವಿತೊ ಕಟ್ಟಿದ್ದು ಎಂದ ನಿಕೋಲಾ. ಆಗ ಕ್ಲಬ್ಬಿನಲ್ಲಿ ದೊಡ್ಡ ಜಗಳವೇ ಆಗಿತ್ತಂತೆ. ಅವಳ ಮನೆ ಕಟ್ಟಲು ನೀನು ಯಾರು ಎಂದು ಎಲ್ಲರೂ ಬಿದ್ದರಂತೆ. ವಿತೊ ಮದುವೆಯ ರಿಜಿಸ್ಟರಿನ ಪ್ರತಿ ತಂದು ಮೇಜಿನ ಮೇಲಿಟ್ಟ. ಗಂಡುಮಕ್ಕಳಿಲ್ಲದ ಮನೆಯನ್ನು ಅಳಿಯ ಕಟ್ಟಬಹುದು, ಅದು ಹಳ್ಳಿಯ ಪದ್ಧತಿ, ನಾನು ಅಳಿಯ ಎಂದ. ಎಲ್ಲರೂ ಒಪ್ಪಬೇಕಾಯಿತು. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇನ್ನೊಂದು ಮದುವೆ ಆಗಿರಲಿಲ್ಲ.

ಆಂಟಿ ಬಾಗಿ ಆ ಮುಂಗೋಡೆಯನ್ನು ನೋಡಿದರು. ಕಲ್ಲು ಕಲ್ಲೂ ಇತ್ತು. ಬಲಗಡೆಯ ಬಿರುಕು, ಮೂರನೇ ಮೆಟ್ಟಿಲ ಮೇಲಿನ ತುಳಸಿಯಂಥ ಗಿಡದ ಕುಂಡ, ಕಿಟಕಿಗೆ ಕಟ್ಟಿದ ಬೆಳ್ಳುಳ್ಳಿ ಗೊಂಚಲು, ಅರ್ಧ ತೆರೆದ ಬಾಗಿಲು. ಆಮೇಲೆ ಬಗ್ಗಿ ಪಕ್ಕಕ್ಕೆ ನೋಡಿದರು, ಹಿಂದಕ್ಕೆ ನೋಡಿದರು. ಉಳಿದ ಮೂರು ಗೋಡೆ ಬರೀ ಹಲಗೆ. ಕಿಟಕಿಯಿಲ್ಲ, ಬಾಗಿಲಿಲ್ಲ, ಬಣ್ಣ ಕೂಡ ಇಲ್ಲ.

ಅದು ಯಾಕೆ ಹಾಗೆ ಎಂದು ನಾನು ನಿಕೋಲಾನನ್ನು ಕೇಳಿದೆ. ವಿತೊ ಆ ಮನೆಗೆ ಹೋಗಿದ್ದೇ ಇಲ್ಲ ಎಂದ ಅವನು. ವಿತೊನ ಹತ್ತಿರ ಇದ್ದದ್ದು ಆಂಟಿ ಕಳಿಸಿದ್ದ ಒಂದೇ ಫೋಟೋ, ಅವರು ತಮ್ಮ ಮನೆಯ ಮುಂದೆ ನಿಂತದ್ದು. ಅವರ ಹಿಂದೆ ಕಂಡಷ್ಟನ್ನು ಕಟ್ಟಿದ. ಹಿತ್ತಲು ನೋಡಿದವರು ಈ ಕ್ಲಬ್ಬಿನಲ್ಲೇ ಇಪ್ಪತ್ತು ಜನರಿದ್ದರು, ಕೇಳು ಎಂದರೆ ಕೇಳಲಿಲ್ಲ. ನನಗೆ ಎಷ್ಟು ತೋರಿಸಿದ್ದಾಳೋ ಅಷ್ಟೇ ಎನ್ನುತ್ತಿದ್ದನಂತೆ.

ನನ್ನ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಅತ್ತೆ. ಆಂಟಿ ಅಳಲಿಲ್ಲ. ಕುರ್ಚಿ ತರಿಸಿ ಕೂತರು. ಬುಟ್ಟಿಯಿಂದ ತಮ್ಮ ಮನೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಸ್ಕ್ರೂಡ್ರೈವರ್ ಕೇಳಿದರು. ಏನು ಮಾಡುತ್ತಾರೆಂದು ಗೊತ್ತಾಗಿ ನಿಕೋಲಾ ಮುಜುಗರದಿಂದ ನಿಯಮ ಹೇಳಿದ: ಒಂದು ಜಾಗಕ್ಕೆ ಒಂದೇ ಮನೆ, ಒಬ್ಬರು ಕಟ್ಟಿದ್ದನ್ನು ಬೇರೆಯವರು ಮುಟ್ಟುವಂತಿಲ್ಲ.

"ನಾ ಬ್ಯಾರೇದಾಕಿ ಅಲ್ಲ," ಎಂದರು ಆಂಟಿ. "ಅಂವನ ಹೇಣತಿ."

ಬಾಗಿಲಲ್ಲಿ ಗುಂಪು ಸೇರಿತ್ತು. ಅರವತ್ತು ಚಿಲ್ಲರೆ ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ನಿಕೋಲಾ ಹೋಗಿ ಸ್ಕ್ರೂಡ್ರೈವರ್ ತಂದುಕೊಟ್ಟ. ಆಂಟಿ ತಮ್ಮ ಮನೆಯ ಮುಂಗೋಡೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ವಿತೊನ ಮನೆಯ ಮೂರು ಬೋಳು ಹಲಗೆಗಳನ್ನು ನಿಕೋಲಾನೇ ಕಳಚಿಕೊಟ್ಟ. ಒಂದು ಗೇಣಿಗೆ ಒಂದು ಗೇಣು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿತು. ಮುಂದೆ ವಿತೊ ಕಟ್ಟಿದ ಗೋಡೆ. ಹಿಂದೆ ಆಂಟಿಯ ಹಿತ್ತಲ ಬಾಗಿಲು, ಕೋಳಿಗೂಡು, ಅವ್ವ ಹಿಟ್ಟು ನಾದುತ್ತಿದ್ದ ಕಟ್ಟೆಯ ಕಿಟಕಿ. ಹೆಸರು ಬರೆಯುತ್ತಿದ್ದ ಮುದುಕಿ ಬಂದು ಆಂಟಿಯ ಕೈ ಹಿಡಿದು ಊಟದ ಮೇಜಿಗೆ ಕರೆದುಕೊಂಡು ಹೋದಳು. ನನಗೂ ಎಲೆಕೋಸಿನ ಸಾರು, ಬ್ರೆಡ್ಡು ಬಡಿಸಿದರು. ಬ್ರೆಡ್ಡಿನ ಮೇಲೆ ಮೀನಿನ ಅಚ್ಚಿತ್ತು.

ಸೋಮವಾರ ಬೆಳಿಗ್ಗೆ ಎಂಟೂವರೆಯ ರೈಲಿಗೆ ಹೊರಟೆವು. ಬುಟ್ಟಿಯಲ್ಲಿ ಈಗ ಆಂಟಿಯ ಮುಂಗೋಡೆ ಒಂದೇ, ಮೇಜುಬಟ್ಟೆಯ ಮೇಲೆ ಮಲಗಿಸಿದ್ದರು. ವಿತೊನ ಮೂರು ಹಲಗೆಗಳನ್ನು ನಿಕೋಲಾ ಕಾಗದದಲ್ಲಿ ಸುತ್ತಿಕೊಟ್ಟಿದ್ದ, ಅವನ್ನು ನಾನು ಹಿಡಿದಿದ್ದೆ. ಆಲ್ಬರಿಯ ಉದ್ದನೆಯ ಪ್ಲಾಟ್‌ಫಾರ್ಮ್ ಮತ್ತೆ ಬಂತು. ನಾನು ಸುಮ್ಮನೆ ಬುಟ್ಟಿಯೊಳಗೆ ನೋಡುತ್ತಿದ್ದೆ. ಬಿರುಕು, ಕುಂಡ, ಬೆಳ್ಳುಳ್ಳಿ ಎಲ್ಲ ಅವನು ಮಾಡಿದಂತೆಯೇ ಇದ್ದವು. ಒಂದೇ ವ್ಯತ್ಯಾಸವಿತ್ತು. ಆಂಟಿಯ ಗೋಡೆಯಲ್ಲಿ ಬಾಗಿಲು ಮುಚ್ಚಿತ್ತು.

ಅದನ್ನು ಕೇಳಿದೆ. ಆಂಟಿ ಆ ಪುಟ್ಟ ಬಾಗಿಲ ಮೇಲೆ ಹೆಬ್ಬೆರಳು ಆಡಿಸಿದರು. ರೈಲು ಆಲ್ಬರಿ ಬಿಟ್ಟು ಹೊರಟಿತು.

"ಫೋಟೋ ತೆಗಿಯೋ ಮುಂದ ನಾ ಬಾಗಲಾ ತಗದಿಟ್ಟು ನಿಂತಿದ್ದೆ," ಎಂದರು. "ನಾ ಮರತಬಿಟ್ಟಿದ್ದೆ ನೋಡು. ಅಂವ ಮರತಿರಲಿಲ್ಲ."